ಕಚ್ಚಾ ಹೊಲಿಗೆಯ ಹಲ್ಲು

ನಮ್ಮ ಬೀದಿಯಲ್ಲಿ ಅಪ್ಪನಿಗೆ ಗುರುವಾರದ ಟೈಲರ್ ಅಂತಲೇ ಹೆಸರು. ಬಟ್ಟೆ ಯಾರೇ ತಂದುಕೊಡಲಿ, ಯಾವ ದಿನವೇ ತಂದುಕೊಡಲಿ, ಅಪ್ಪ ಟೇಪನ್ನು ಕುತ್ತಿಗೆಗೆ ಹಾಕಿಕೊಂಡು, "ಗುರುವಾರ ಬನ್ನಿ, ರೆಡಿ ಇರುತ್ತೆ" ಅನ್ನುತ್ತಾರೆ. ಗುರುವಾರ ಬಂದವರಿಗೆ, "ಇಸ್ತ್ರಿ ಒಂದು ಬಾಕಿ" ಅನ್ನುತ್ತಾರೆ. ಅಷ್ಟು ಹೊತ್ತಿಗೆ ಆ ಬಟ್ಟೆಗೆ ಕತ್ತರಿಯೇ ತಾಗಿರುವುದಿಲ್ಲ. ಹಳೆಯ ಗಿರಾಕಿಗಳಿಗೆ ಇದು ಗೊತ್ತು. ಅವರು ಗುರುವಾರವನ್ನು ದಾಟಿಸಿ ಮಂಗಳವಾರ ಬರುತ್ತಾರೆ. ಬಟ್ಟೆ ಮಡಿಸಿ ಇಟ್ಟಿರುತ್ತದೆ. ಜಗಳವಿಲ್ಲ, ಬೇಜಾರಿಲ್ಲ.

"ತಾರೀಖು ಅನ್ನೋದು ಪ್ಯಾಂಟಿನ ಅಂಚಿದ್ದ ಹಾಗೆ," ಎಂದು ಅಪ್ಪ ಹೇಳುವುದುಂಟು. "ಸ್ವಲ್ಪ ಒಳಗೆ ಮಡಿಸಿ ಇಟ್ಟಿರಬೇಕು. ಬೇಕಾದಾಗ ಬಿಚ್ಚಿ ಉದ್ದ ಮಾಡ್ಕೋಬಹುದು."

ಮನೆಯ ಮುಂದಿನ ಕೋಣೆಯೇ ನಮ್ಮ ಅಂಗಡಿ. ಒಂದು ಪರದೆ, ಅದರ ಆಚೆ ಅಡುಗೆಮನೆ, ಅಜ್ಜಿಯ ಮಂಚ. ಅಪ್ಪನದು ಮಿಷನ್ ಕೆಲಸ. ಕೈಹೊಲಿಗೆ ಅಮ್ಮನದು. ಎಂಟನೇ ತರಗತಿಗೆ ಶಾಲೆ ಬಿಟ್ಟ ನಾನು ಗುಂಡಿ, ಕಾಜಾ ನೋಡಿಕೊಳ್ಳುತ್ತೇನೆ. ಅದಕ್ಕೇ ಮನೆಯಲ್ಲಿ ನನ್ನನ್ನು ಗುಂಡಿ ಅಂತ ಕರೆಯುವುದು. ಗಿರಾಕಿಗಳು ಬಂದರೆ ನಾನು ತಲೆ ಎತ್ತುವುದಿಲ್ಲ. ಅವರ ಚಪ್ಪಲಿ ನೋಡಿಯೇ ಯಾರು ಬಂದಿದ್ದಾರೆ ಅಂತ ಹೇಳಬಲ್ಲೆ.

ಅಮ್ಮ ನೂಲನ್ನು ಕತ್ತರಿಯಿಂದ ಕತ್ತರಿಸಿದ್ದನ್ನು ನಾನು ನೋಡಿಯೇ ಇರಲಿಲ್ಲ. ಕೊನೆಯ ಗಂಟು ಹಾಕಿ, ಬಟ್ಟೆಯನ್ನು ಮುಖದ ಹತ್ತಿರ ತಂದು, ಮೇಲಿನ ಮುಂದಿನ ಹಲ್ಲಿನಿಂದ ಕಟ್ ಎಂದು ಕಚ್ಚಿಬಿಡುತ್ತಿದ್ದಳು. ಆ ಹಲ್ಲಿನ ತುದಿಯಲ್ಲಿ ನೂಲು ಕೂರುವಷ್ಟು ಸಣ್ಣ ಕಚ್ಚು ಬಿದ್ದಿತ್ತು. ಮೊದಲು ಹಲ್ಲು ಮಾಸಿದ ಬಟ್ಟೆಯ ಬಣ್ಣಕ್ಕೆ ತಿರುಗಿತು. ಗಿರಾಕಿಗಳ ಜೊತೆ ಬಾಯಿ ತುಂಬ ನಗುತ್ತಿದ್ದ ಅಮ್ಮ ಅಂಗೈ ಅಡ್ಡ ಹಿಡಿದು ನಗಲು ಕಲಿತಳು. ಆಮೇಲೊಂದು ಬೆಳಿಗ್ಗೆ ಎದ್ದಾಗ ಮೇಲ್ದುಟಿ ಬನ್ನಿನ ಹಾಗೆ ಊದಿಕೊಂಡಿತ್ತು.

"ಕೀಳಿಸಿ ಬಿಸಾಕು," ಎಂದಳು ಅಜ್ಜಿ, ಗಂಜಿ ಕುಡಿಯುತ್ತಾ. "ಒಂದು ದಿನದ ಕೆಲಸ. ನನ್ನವೆಲ್ಲ ಹಾಗೇ ಹೋದವು. ನಾನೇನು ಸತ್ತೆನಾ?"

"ಅತ್ತೆ, ಇದು ಮುಂದಿನ ಹಲ್ಲು."

"ಮುಂದಿನದಾದ್ರೇನು, ಹಿಂದಿನದಾದ್ರೇನು? ನಿನ್ನನ್ನ ನೋಡೋಕೆ ಈಗ ವರ ಬರ್ತಾನಾ?"

ಅಮ್ಮ ನಕ್ಕಳು, ನೋವಿಗೆ ಕಣ್ಣಲ್ಲಿ ನೀರು ಬಂತು. ನಾನು ಅವಳನ್ನು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿದ್ದ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರಮ್ಮನಿಗೆ ಚಿಕ್ಕ ವಯಸ್ಸು. ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅವರ ಬಿಳಿ ಕೋಟಿನ ತೋಳು. ಅಂಚು ಸವೆದು ನೂಲು ಜೋತುಬಿದ್ದಿತ್ತು. ಹಲ್ಲು ಉಳಿಯುತ್ತದೆ ಎಂದರು. ಬೇರಿನೊಳಗೆ ಕೀವಾಗಿದೆ, ಒಂದೇ ಸಲಕ್ಕೆ ಮುಗಿಯುವ ಕೆಲಸವಲ್ಲ ಎಂದರು. ಅವತ್ತು ಹಲ್ಲು ತೆರೆದು, ತೊಳೆದು, ಒಳಗೆ ಔಷಧಿ ಇಟ್ಟು, ಮೇಲೆ ಬಿಳಿಯದೇನನ್ನೋ ಮೆತ್ತಿ ಮುಚ್ಚಿದರು.

"ಇದು ತಾತ್ಕಾಲಿಕ. ಈ ಹಲ್ಲಲ್ಲಿ ಏನನ್ನೂ ಕಚ್ಚಬೇಡಿ. ಮುಂದಿನ ಗುರುವಾರ ತಪ್ಪದೆ ಬನ್ನಿ."

ಅಮ್ಮ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಅರ್ಧ ಬಾಯಿ ಮರಗಟ್ಟಿದ್ದರೂ ಅಮ್ಮನಿಗೆ ನಗು ತಡೆಯಲಾಗಲಿಲ್ಲ.

"ಯಾಕೆ, ಏನಾಯ್ತು?" ಎಂದರು ಡಾಕ್ಟರಮ್ಮ.

"ಏನಿಲ್ಲ, ನಮ್ಮನೆಯವರೂ ಎಲ್ಲರಿಗೂ ಗುರುವಾರಾನೇ ಹೇಳೋದು. ಟೈಲರು ಅವರು."

"ಟೈಲರಾ? ನನ್ನ ಕೋಟಿನ ಗತಿ ನೋಡಿ," ಎಂದು ಅವರು ತೋಳು ಎತ್ತಿ ತೋರಿಸಿದರು. ಮರುದಿನವೇ ಬಟ್ಟೆ ಹಿಡಿದುಕೊಂಡು ಅಂಗಡಿಗೆ ಬಂದರು. ಎರಡು ಕೋಟು ಬೇಕಂತೆ.

ಅಪ್ಪ ಅಳತೆ ತೆಗೆದುಕೊಂಡು, ಟೇಪನ್ನು ಕುತ್ತಿಗೆಗೆ ಹಾಕಿಕೊಂಡರು. "ಗುರುವಾರ ಬನ್ನಿ, ರೆಡಿ ಇರುತ್ತೆ."

"ಅವತ್ತು ನಿಮ್ಮ ಮನೆಯವರು ಹೇಗೂ ನನ್ನ ಹತ್ತಿರ ಬರಬೇಕಲ್ಲ. ಅವರ ಕೈಲೇ ಕಳಿಸಿಬಿಡಿ."

"ಆಗಲಿ, ಆಗಲಿ. ಅದಕ್ಕೇನಂತೆ!"

ಹೀಗೆ ಅಮ್ಮನ ಹಲ್ಲು ಎರಡು ಬಿಳಿ ಕೋಟುಗಳ ಜೊತೆಗೆ ಗಂಟು ಬಿತ್ತು.

ಆ ವಾರವೇ ಶಾಲೆಯ ಸಮವಸ್ತ್ರದ ಆರ್ಡರು ಬಂತು. ನೀಲಿ ಬಟ್ಟೆಯ ಥಾನುಗಳು ಮುಂದಿನ ಕೋಣೆಯನ್ನೆಲ್ಲ ಆಕ್ರಮಿಸಿ, ಪರದೆ ದಾಟಿ, ಅಜ್ಜಿಯ ಮಂಚದ ಕೆಳಗೂ ಸೇರಿಕೊಂಡವು. ಡಾಕ್ಟರಮ್ಮನ ಬಿಳಿ ಬಟ್ಟೆ ಅಟ್ಟದ ಮೇಲೆ ಹೋಯಿತು. ಗುರುವಾರ ಬಂತು.

"ರೀ, ಇವತ್ತು ನಾನು ಹಲ್ಲಿಗೆ ಹೋಗಬೇಕಿತ್ತು," ಎಂದಳು ಅಮ್ಮ, ಮಧ್ಯಾಹ್ನ ಅನ್ನ ಬಡಿಸುತ್ತಾ.

"ಕೋಟು?"

"ಅದನ್ನ ನನ್ನ ಕೇಳಿದ್ರೆ? ನೀವು ಕತ್ತರಿಸೇ ಇಲ್ಲ."

"ಮತ್ತೆ ಬರಿಗೈಲಿ ಹೋಗ್ತೀಯಾ? ಹೋದ ತಕ್ಷಣ ಕೋಟೆಲ್ಲಿ ಅಂತಾರೆ."

"ಅದೇ ನನಗೂ ನಾಚಿಕೆ."

"ನೋವಿದೆಯಾ?"

"ಚೂರೂ ಇಲ್ಲ."

"ಮತ್ತೇನು! ಡಾಕ್ಟರೂ ನಮ್ಮ ಥರಾನೇ ಕಣೇ. ಗುರುವಾರ ಅಂದ್ರೆ ಅದರಾಚೆಯ ಮಂಗಳವಾರ ಅಂತ ಇಟ್ಕೊಂಡೇ ಹೇಳಿರ್ತಾರೆ. ಗಿರಾಕಿ ಬೇರೆ ಕಡೆ ಹೋಗಬಾರದು ನೋಡು. ಸಮವಸ್ತ್ರ ಮುಗೀಲಿ, ಎರಡು ದಿನದಲ್ಲಿ ಕೋಟು ಹೊಲಿದು ಕೊಡ್ತೀನಿ. ಕೋಟೂ ಹೋಗುತ್ತೆ, ಹಲ್ಲೂ ಹೋಗುತ್ತೆ."

"ಹಲ್ಲು ಹೋಗೋದು ಬೇಡ ಅಂತ ತಾನೇ ಅವಳು ಹೋಗಿದ್ದು?" ಎಂದಳು ಅಜ್ಜಿ ಮಂಚದಿಂದ. ಎಲ್ಲರೂ ನಕ್ಕೆವು. ನಗುವಿನಲ್ಲಿ ಮಾತು ಮುಗಿಯಿತು.

ಮಂಗಳವಾರ ಬಂದು ಹೋಯಿತು. ಮುಂದಿನ ಗುರುವಾರವೂ ಹೋಯಿತು. ಬೆಳಿಗ್ಗೆ ಚಹಾ ಕುಡಿದು ಕೂತರೆ ಸಂಜೆ ದೀಪ ಹಾಕುವವರೆಗೆ ನಾವು ಏಳುತ್ತಿರಲಿಲ್ಲ. ಅಡುಗೆಯೂ ಓಡುತ್ತಲೇ; ಬ್ರೆಡ್ಡು, ಬೇಯಿಸಿದ ಮೊಟ್ಟೆ, ಉಳಿದ ಅನ್ನ. ಕೆಲಸದ ನಡುವೆ ಬೇಸರವಾಗದಿರಲೆಂದು ಅಪ್ಪ ಹಳೆಯ ಕತೆಗಳನ್ನು ತೆಗೆಯುತ್ತಿದ್ದರು. ಹಳೆಯ ಗಿರಾಕಿಯೊಬ್ಬನ ಕೋಟಿನ ಕತೆಯನ್ನು ಅಷ್ಟರಲ್ಲಿ ನೂರು ಸಲವಾದರೂ ಹೇಳಿರಬೇಕು.

"ಅವನಿಗೆ ಎಂಥ ಆತುರ ಅಂತೀಯ! ಬರೀ ಕಚ್ಚಾ ಹೊಲಿಗೆ ಹಾಕಿ ಅಳತೆ ನೋಡೋಕೆ ಅಂತ ತೊಡಿಸಿದ್ದೆ. ಕನ್ನಡಿ ನೋಡಿದ. ಚೆನ್ನಾಗಿದೆ, ಸಾಕು ಅಂದ. ಅಯ್ಯೋ, ಇದಿನ್ನೂ ಮುಗಿದಿಲ್ಲ ಮಾರಾಯ, ಉದ್ದುದ್ದ ಎಳೆ ಮೇಲೆ ನಿಂತಿದೆ ಅಷ್ಟೇ ಅಂದೆ. ಕೇಳಲಿಲ್ಲ. ಫೋಟೋ ತೆಗೆಸ್ಕೊಂಡು ಬರ್ತೀನಿ ಅಂತ ಹೊರಟೇಹೋದ. ಬೀದಿ ತಿರುವಿನಲ್ಲಿ ಯಾರಿಗೋ ಕೈ ಎತ್ತಿದ ನೋಡು..."

"ತೋಳು ಕಿತ್ತು ಕೈಗೆ ಬಂತು!" ಎಂದು ಅಮ್ಮ, ಅಜ್ಜಿ ಒಟ್ಟಿಗೇ ಮುಗಿಸಿದರು.

ಆ ಹೊತ್ತಿಗೇ ಒಮ್ಮೆ ಫೋನು ಬಂತು. ಅಪ್ಪ ಭುಜಕ್ಕೂ ಕಿವಿಗೂ ನಡುವೆ ಅದನ್ನು ಸಿಕ್ಕಿಸಿಕೊಂಡು, ಪೆಡಲ್ ನಿಲ್ಲಿಸದೆಯೇ ಮಾತಾಡಿದರು. "ನಮಸ್ಕಾರ ಡಾಕ್ಟರಮ್ಮ. ಆಗೋಯ್ತು, ಆಗೋಯ್ತು, ಇಸ್ತ್ರಿ ಒಂದು ಬಾಕಿ. ಗುರುವಾರ." ಫೋನು ಇಟ್ಟು, "ಕೋಟಿಗೆ ಅವಸರ ಮಾಡ್ತಿದ್ದಾರೆ," ಎಂದರು. ಅಮ್ಮ ಅಟ್ಟದ ಕಡೆ ನೋಡಿ ನಾಲಿಗೆ ಕಚ್ಚಿಕೊಂಡಳು.

ನಾನು ಮೇಣದ ವಿಷಯ ಗಮನಿಸಿದ್ದು ಅದಾದ ಮೇಲೆ. ದಪ್ಪ ಕೋಟಿಗೆ ಗುಂಡಿ ಹಾಕುವಾಗ ನೂಲು ಗಟ್ಟಿಯಾಗಲೆಂದು ಅದನ್ನು ಜೇನುಮೇಣದ ಉಂಡೆಗೆ ಉಜ್ಜುತ್ತೇವೆ. ಉಂಡೆ ಅಮ್ಮನ ಹೊಲಿಗೆ ಡಬ್ಬಿಯಲ್ಲಿರುತ್ತದೆ. ವರ್ಷವಾದರೂ ಸವೆಯುವುದಿಲ್ಲ, ಮೈಮೇಲೆ ನೂಲಿನ ಗೀರು ಬೀಳುತ್ತದೆ ಅಷ್ಟೆ. ಶಾಲೆಯ ಅಂಗಿಗಳಿಗೆ ಮೇಣ ಬೇಕಾಗಿಯೇ ಇರಲಿಲ್ಲ. ಆದರೂ ಉಂಡೆ ಕರಗುತ್ತಿತ್ತು. ಗೀರಲ್ಲ, ಉಗುರಿನಿಂದ ಚಿವುಟಿದ ಗುರುತು. ಒಂದು ದಿನ ಒಂದು ಕಡೆ, ಇನ್ನೊಂದು ದಿನ ಇನ್ನೊಂದು ಕಡೆ.

ಇಲಿ ಇರಬಹುದೆಂದುಕೊಂಡೆ. ಇಲಿಗೆ ಡಬ್ಬಿಯ ಮುಚ್ಚಳ ಹಾಕಲು ಬರುತ್ತದೆಯೇ?

ಆಮೇಲೆ ಗೊತ್ತಾಯಿತು. ಊಟದ ನಂತರ ಅಮ್ಮ ಬಚ್ಚಲಿನ ಕನ್ನಡಿಯ ಮುಂದೆ ಬಾಯಿ ತೆರೆದು ನಿಂತಿದ್ದಳು. ಬೆರಳ ತುದಿಯಲ್ಲಿ ಮೇಣವನ್ನು ಉರುಟು ಮಾಡಿ, ಹಲ್ಲಿನ ಹಿಂದೆ ಒತ್ತುತ್ತಿದ್ದಳು. ಕನ್ನಡಿಯಲ್ಲಿ ನನ್ನನ್ನು ಕಂಡು ಬೆಚ್ಚಿದಳು.

"ಶ್! ಅಪ್ಪನಿಗೆ ಹೇಳಬೇಡ."

"ಡಾಕ್ಟರು ಹಾಕಿದ್ದು?"

"ಬಿದ್ದುಹೋಯ್ತು ಕಣೇ. ನೂಲು ಕಚ್ಚಿದೆ, ಚೂರು ಉದುರಿತು. ಆಮೇಲೆ ಅನ್ನದ ಜೊತೆ ಉಳಿದಿದ್ದೂ ಹೋಯ್ತು."

"ಅಮ್ಮ, ಏನನ್ನೂ ಕಚ್ಚಬೇಡಿ ಅಂತ ಹೇಳಿದ್ರಲ್ಲ ಅವರು!"

"ಕೈ ತಾನಾಗಿ ಬಾಯಿಗೆ ಹೋಗುತ್ತೆ. ನಾನೇನು ಮಾಡಲಿ? ತಲೆ ಕೆಡಿಸ್ಕೋಬೇಡ, ಮೇಣ ಚೆನ್ನಾಗಿ ಹಿಡಿಯುತ್ತೆ. ಬಿಸಿ ಚಹಾ ಕುಡಿದ್ರೆ ಮಾತ್ರ ಇಳಿದುಬಿಡುತ್ತೆ."

ಅಮ್ಮ ಈಚೆಗೆ ಚಹಾವನ್ನು ಆರಿಸಿ ಕುಡಿಯುತ್ತಿದ್ದುದಕ್ಕೆ ಕಾರಣ ನನಗೆ ಆಗ ತಿಳಿಯಿತು. ಅಮ್ಮನ ಮೇಲ್ದುಟಿ ಮತ್ತೆ ಸ್ವಲ್ಪ ಒಂದು ಕಡೆ ಎದ್ದ ಹಾಗೆ ಕಾಣುತ್ತಿತ್ತು. ಬೇರೆ ಯಾರಿಗೂ ಕಾಣದಷ್ಟು. ಹೇಳಬೇಕು ಅಂತ ಊಟಕ್ಕೆ ಕೂತಾಗಲೆಲ್ಲ ಬಾಯಿ ತೆರೆದೆ, ತುತ್ತು ಹಾಕಿಕೊಂಡು ಮುಚ್ಚಿದೆ. ಹೇಳಿದರೆ ಅಪ್ಪ ಅಮ್ಮನಿಗೆ ಬೈಯುತ್ತಾರೆ, ಅಮ್ಮ ಅಪ್ಪನ ಕೋಟಿಗೆ ಬೈಯುತ್ತಾಳೆ, ಅಜ್ಜಿ ಕೀಳಿಸು ಅನ್ನುತ್ತಾಳೆ, ಹಲ್ಲು ಮಾತ್ರ ಇದ್ದಲ್ಲೇ ಇರುತ್ತದೆ.

ಒಂದು ಬೆಳಿಗ್ಗೆ ದಾರದ ಅಂಗಡಿಗೆ ಹೋಗಿ ಬರುತ್ತೇನೆಂದು ಹೊರಟವಳು ಬಸ್ ನಿಲ್ದಾಣದ ಹಿಂದಿನ ಬೀದಿಗೆ ಹೋದೆ. ಕೈಯಲ್ಲಿ ಟೇಪು ಇತ್ತು. ಅದನ್ನು ನೆಪಕ್ಕೆ ಹಿಡಿದುಕೊಂಡಿದ್ದೆ.

"ತೋಳಿನ ಅಳತೆ ಇನ್ನೊಂದು ಸಲ..." ಎಂದೆ.

ಡಾಕ್ಟರಮ್ಮ ಕೈಗವಸು ಬಿಚ್ಚಿ ತೋಳು ಚಾಚಿದರು. ಭುಜದಿಂದ ಮಣಿಕಟ್ಟಿಗೆ ಟೇಪು ಹಿಡಿದೆ. ಮತ್ತೊಮ್ಮೆ ಹಿಡಿದೆ. ಇನ್ನೊಂದು ಕೈಗೂ ಹಿಡಿದೆ.

"ಎರಡು ತೋಳೂ ಒಂದೇ ಉದ್ದ ತಾನೇ?" ಎಂದು ನಕ್ಕರು. "ಅದಿರಲಿ, ನಿನ್ನ ಅಮ್ಮ ಎಲ್ಲಿ? ಫೋನ್ ಮಾಡಿ ಹಲ್ಲಿನ ವಿಷಯ ಕೇಳೋಣ ಅಂದ್ರೆ ನಿನ್ನ ಅಪ್ಪ ಇಸ್ತ್ರಿ ಬಾಕಿ ಅಂತ ಇಟ್ಟೇಬಿಟ್ರು. ಹಲ್ಲಿಗೆ ಯಾರಾದ್ರೂ ಇಸ್ತ್ರಿ ಹಾಕ್ತಾರಾ?"

ನಾನು ಟೇಪನ್ನು ಮಡಿಸಿದೆ. "ಅಮ್ಮ ಹಲ್ಲಿಗೆ ಮೇಣ ತುಂಬ್ಕೊಂಡಿದ್ದಾಳೆ," ಎಂದೆ.

ಅವರ ನಗು ನಿಂತಿತು. "ಮೇಣ?"

ಎಲ್ಲ ಹೇಳಿದೆ. ಕೋಟನ್ನು ಕತ್ತರಿಸಿಯೇ ಇಲ್ಲ ಅನ್ನುವುದನ್ನೂ ಹೇಳಿದೆ. ಅವರು ಕುರ್ಚಿ ಎಳೆದು ಕೂತರು, ನನ್ನನ್ನೂ ಕೂರಿಸಿದರು.

"ನೋಡು, ನೋವು ಹೋಯ್ತು ಅಂದ್ರೆ ವಾಸಿಯಾಯ್ತು ಅಂತಲ್ಲ. ನಾನು ಒಳಗೆ ಇಟ್ಟ ಔಷಧಿ ಕೆಲಸ ಮಾಡೋಕೆ ಒಂದು ವಾರ ಬೇಕು, ಹೆಚ್ಚಂದ್ರೆ ಎರಡು. ಬೇಗ ಬಂದ್ರೂ ಉಪಯೋಗವಿಲ್ಲ, ಅದಕ್ಕೇ ದಿನ ಬಿಟ್ಟು ಕರೆಯೋದು. ಮೇಲಿನ ಮುಚ್ಚಳ ಅಷ್ಟು ದಿನ ತಡೀಲಿ ಅಂತ ಹಾಕಿರೋದು, ಜೀವನಪೂರ್ತಿ ಅಲ್ಲ. ಅದು ಸವೆದ್ರೆ ಬಾಯಿಯ ನೀರು ಒಳಗಿಳಿಯುತ್ತೆ. ಮತ್ತೆ ಕೀವು. ಒಳಗೆ ಕೊರೆದ ಹಲ್ಲು ಬೇರೆ. ಟಿಣ್ ಅಂತ ಮುರಿದ್ರೆ ಆಮೇಲೆ ನಾನೂ ಏನೂ ಮಾಡೋಕಾಗಲ್ಲ."

"ಈಗ ಉಳಿಯುತ್ತಾ?"

"ತೆರೆದು ನೋಡದೆ ಹೇಳಲಾರೆ. ನಾಳೆ ಬೆಳಿಗ್ಗೆ ಕರ್ಕೊಂಡು ಬಾ. ಕೋಟು ಬೇಡ, ಅಮ್ಮ ಸಾಕು."

ಸಂಜೆ ಊಟಕ್ಕೆ ಕೂತಾಗ ನಾನು ತುತ್ತು ಎತ್ತಲಿಲ್ಲ.

"ನಾಳೆ ಅಮ್ಮ ಹಲ್ಲಿಗೆ ಹೋಗಬೇಕು," ಎಂದೆ.

ಅಪ್ಪ ತಲೆ ಎತ್ತಿದರು. "ನಾಳೆನಾ? ಗುಂಡಿ, ನಾಡಿದ್ದು ಸಮವಸ್ತ್ರದ ಕೊನೆ ಗಂಟು ಹೋಗಬೇಕು. ಅದು ಮುಗಿದ ಮೇಲೆ ಕೋಟು..."

"ಕೋಟು ಬೇಡವಂತೆ."

"ಬೇಡವಂತಾ? ಯಾರು ಹೇಳಿದ್ದು? ಬಟ್ಟೆ ವಾಪಸ್ ಕೇಳಿದ್ರಾ?"

"ಅವರು ಫೋನ್ ಮಾಡಿದ್ದು ಕೋಟಿಗಲ್ಲ ಅಪ್ಪ. ಹಲ್ಲಿಗೆ. ಅಮ್ಮನ ಹಲ್ಲಿನ ಮುಚ್ಚಳ ಬಿದ್ದುಹೋಗಿದೆ. ಮೇಣ ಒತ್ತಿಕೊಂಡಿದ್ದಾಳೆ, ನೂಲಿಗೆ ಉಜ್ಜೋ ಮೇಣ."

ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು. "ಏನೇ ಇದು?"

"ಈ ಹುಡುಗಿಗೆ ಬಾಯಿ ಇಲ್ಲ ಅಂತಿದ್ರಿ, ನೋಡಿ ಈಗ!" ಎಂದಳು ಅಮ್ಮ, ಮುಖ ಕೆಂಪಾಗಿತ್ತು. "ಮತ್ತೇನು ಮಾಡಲಿ ನಾನು? ನಿಮ್ಮ ಕೋಟು ಅಟ್ಟದ ಮೇಲೆ. ನಿಮ್ಮ ಗುರುವಾರ ಯಾವತ್ತು ಬರುತ್ತೆ ಅಂತ ಕಾಯ್ತಾ ಕೂತಿದ್ದೆ."

"ನೋವಿಲ್ಲ ಅಂದೋಳು ನೀನೇ ಅಲ್ವಾ?"

"ಇರಲಿಲ್ಲ, ಅಂದೆ. ಆಮೇಲೆ ಕೇಳಿದ್ರಾ?"

"ನಾನು ಮೊದಲೇ ಹೇಳಿದೆ, ಕೀಳಿಸಿ..." ಎಂದು ಅಜ್ಜಿ ಶುರು ಮಾಡಿದಳು.

"ನೀನು ಸುಮ್ಮನಿರು ಅವ್ವ!"

"ಯಾಕೆ ಸುಮ್ಮನಿರಲಿ? ಇದೇ ಕಿಟಕಿ ಹತ್ತಿರ ಕೂತು ನಾನೂ ನೂಲು ಕಚ್ಚಿದವಳೇ. ನಿನ್ನ ಅಪ್ಪನೂ ನಾಳೆ ನಾಡಿದ್ದು ಅಂತಾನೇ ಹೇಳಿದ್ದು. ಒಂದು ಹೋಯ್ತು, ಪಕ್ಕದ್ದು ಹೋಯ್ತು. ಆಮೇಲೆ ನಾನೇ ಸಾಕಾಗಿ ಎಲ್ಲ ಕೀಳಿಸಿದೆ."

ಅಜ್ಜಿ ಮಾತು ಮುಗಿಸಿ ಅಭ್ಯಾಸಬಲದಿಂದ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡಳು. ಅಮ್ಮ ಈಚೆಗೆ ಹಿಡಿಯುತ್ತಿದ್ದದ್ದೂ ಹಾಗೆಯೇ.

"ಒಂದು ದಿನ ತಡವಾದ್ರೆ ಏನೂ ಆಗಲ್ಲ," ಎಂದರು ಅಪ್ಪ. ದನಿಯಲ್ಲಿ ಮೊದಲಿನ ಬಲವಿರಲಿಲ್ಲ. "ತಾರೀಖು ಅಂದ ಮೇಲೆ ಸ್ವಲ್ಪ ಹಿಂದೆ ಮುಂದೆ..."

"ಅಪ್ಪ," ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿತು. "ಅವರು ಹಾಕಿದ್ದು ಕಚ್ಚಾ ಹೊಲಿಗೆ. ಉದ್ದುದ್ದ ಎಳೆ ಮೇಲೆ ನಿಂತಿತ್ತು ಅಷ್ಟೇ. ಅಮ್ಮ ಅದನ್ನೇ ಹಾಕ್ಕೊಂಡು ಇಷ್ಟು ವಾರ ಓಡಾಡಿದ್ದಾಳೆ."

ಅಪ್ಪ ನನ್ನನ್ನು ನೋಡಿದರು. ಆಮೇಲೆ ಅಮ್ಮನ ತುಟಿಯನ್ನು, ಬಹಳ ಹೊತ್ತು, ಹೊಲಿಗೆ ಓರೆಯಾಗಿದೆಯೇ ಅಂತ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವ ಹಾಗೆ.

"ಊದಿದೆ," ಎಂದರು ಮೆಲ್ಲಗೆ. "ಎಷ್ಟು ದಿನದಿಂದ?"

ಅಮ್ಮ ತಲೆ ತಗ್ಗಿಸಿ ಅನ್ನ ಕಲಸಿದಳು. ಅಪ್ಪ ಎದ್ದು ಕೈ ತೊಳೆದರು. ಅಂಗಡಿಯ ಬಾಗಿಲಿಗೆ ತೂಗುಹಾಕಲು ಒಂದು ರಟ್ಟಿನ ಮೇಲೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಬರೆದರು: ನಾಳೆ ಬೆಳಿಗ್ಗೆ ರಜೆ. ಸಮವಸ್ತ್ರದ ರಾಶಿಯ ನಡುವೆ ಆ ಅಂಗಡಿಗೆ ರಜೆ ಸಿಕ್ಕಿದ್ದು ನನಗೆ ನೆನಪಿರುವಂತೆ ಅದೇ ಮೊದಲು.

ಬೆಳಿಗ್ಗೆ ಮೂವರೂ ಹೋದೆವು. ಅಮ್ಮ ಒಳಗೆ ಹೋದಳು. ಹೊರಗಿನ ಬೆಂಚಿನ ಮೇಲೆ ಅಪ್ಪ ಕಾಲು ಅಲ್ಲಾಡಿಸುತ್ತಾ ಕೂತರು. ಪೆಡಲ್ ತುಳಿಯುವ ಹಾಗೆ, ಎರಡೂ ಪಾದ. ಎದುರಿಗೆ ಕೂತಿದ್ದವರ ಕಾಲರು, ಜೇಬು, ತೋಳು ನೋಡಿದರು. "ಆ ಕಾಲರ್ ಯಾರು ಹೊಲಿದ್ರೋ, ಕೈ ಕತ್ತರಿಸಬೇಕು," ಎಂದು ನನ್ನ ಕಿವಿಯಲ್ಲಿ ಗೊಣಗಿದರು. ಒಳಗಿನಿಂದ ಗುಂಯ್ ಎಂದು ಸದ್ದು ಬಂದಾಗ ಕಾಲು ನಿಂತುಬಿಟ್ಟಿತು.

"ಕೀಳಬೇಕು ಅಂದುಬಿಟ್ರೆ ಏನೇ ಮಾಡೋದು?" ಎಂದರು. "ಗಿರಾಕಿಗಳು ಬರೋದು ನನ್ನ ಹೊಲಿಗೆಗಲ್ಲ ಗುಂಡಿ. ಅವಳ ಜೊತೆ ನಗೋಕೆ. ಗುರುವಾರ ಬಂದು ಬರಿಗೈಲಿ ಹೋಗೋರು ಯಾಕೆ ಬೈಯದೆ ಹೋಗ್ತಾರೆ ಅಂದ್ಕೊಂಡಿದ್ದೀಯ?"

ನಾನು ತಂದಿದ್ದ ಟೇಪನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು.

ಬಾಗಿಲು ತೆರೆಯಿತು. ಡಾಕ್ಟರಮ್ಮ ಒಂದು ಬಟ್ಟಲನ್ನು ಮುಂದೆ ಹಿಡಿದರು. ಅದರಲ್ಲಿ ಹಳದಿ ಮೇಣದ ಚೂರು. "ನಾನು ಇಷ್ಟು ವರ್ಷದಲ್ಲಿ ಲವಂಗ ನೋಡಿದ್ದೀನಿ, ಹತ್ತಿ ನೋಡಿದ್ದೀನಿ. ಟೈಲರ್ ಮೇಣ ಇದೇ ಮೊದಲು."

"ಹಲ್ಲು?" ಎಂದರು ಅಪ್ಪ.

"ಬಿರುಕು ಬಿಟ್ಟಿಲ್ಲ. ಮತ್ತೆ ಸ್ವಲ್ಪ ಕೀವಾಗಿದೆ, ತೊಳೆದಿದ್ದೀನಿ. ಹೊಸದಾಗಿ ಔಷಧಿ ಇಟ್ಟಿದ್ದೀನಿ. ಮೊದಲ ಸಲದ ಕೆಲಸ ದಂಡವಾಯ್ತು ಅಷ್ಟೇ. ಉಳಿಯುತ್ತೆ. ಆದ್ರೆ ಗುರುವಾರ ಬರಬೇಕು."

ಅಪ್ಪ ಬೆಂಚಿನಿಂದ ಎದ್ದರು. "ಡಾಕ್ಟರಮ್ಮ, ನಿಮ್ಮ ಗುರುವಾರ ಅಂದ್ರೆ..."

"ಬುಧವಾರ ಆದ್ಮೇಲೆ ಬರೋ ದಿನ."

ಅಮ್ಮ ಮರಗಟ್ಟಿದ ತುಟಿಯಲ್ಲೇ ಪಕ್ಕನೆ ನಕ್ಕಳು. ಅಪ್ಪ ಕೈಯಲ್ಲಿದ್ದ ಟೇಪನ್ನು ಜೇಬಿಗೆ ಹಾಕಿಕೊಂಡರು.

ಆ ವಾರ ನಮ್ಮ ಮನೆಯಲ್ಲಿ ನಡೆದದ್ದನ್ನು ಬೀದಿಯವರಿಗೆ ಹೇಳಿದರೆ ನಂಬುತ್ತಿರಲಿಲ್ಲ. ಸಮವಸ್ತ್ರದ ಕೊನೆಯ ಗಂಟು ಹೋದ ಸಂಜೆಯೇ ಅಪ್ಪ ಏಣಿ ಹಾಕಿ ಅಟ್ಟದಿಂದ ಬಿಳಿ ಬಟ್ಟೆ ಇಳಿಸಿದರು. ಕತ್ತರಿಸಿದರು. ಕಚ್ಚಾ ಹೊಲಿಗೆ ಹಾಕಿ ನನಗೇ ತೊಡಿಸಿ ನೋಡಿದರು. ಒಮ್ಮೆ ಕೈ ಎತ್ತಿದೆ. "ಏಯ್, ಇಳಿಸು!" ಎಂದು ಕೂಗಿದರು. ಅಜ್ಜಿ ಮಂಚದ ಮೇಲೆ ಕೂತು ಹಳೆಯ ಟೇಪಿನ ತುಂಡೊಂದಕ್ಕೆ ಸಣ್ಣ ನೂಲುಗತ್ತರಿಯನ್ನು ಕಟ್ಟಿ, ಅಮ್ಮನ ಕುತ್ತಿಗೆಗೆ ಹಾಕಿದಳು.

"ಹಸುವಿಗೆ ಗಂಟೆ ಕಟ್ಟಿದ ಹಾಗಿದೆ ಅತ್ತೆ."

"ಇರಲಿ. ಬಿಚ್ಚಿದ್ರೆ ನೋಡು."

ಗುರುವಾರ ಅಮ್ಮ ಒಂದು ಕೋಟು ಹಿಡಿದು ಹೋದಳು. ಡಾಕ್ಟರಮ್ಮ ಬೇರನ್ನು ತುಂಬಿಸಿ ಈ ಸಲ ಕಾಯಂ ಮುಚ್ಚಿದರು. ಇನ್ನೊಂದು ಕೋಟು ಹಲ್ಲಿಗೆ ಕ್ಯಾಪ್ ಎಂಬ ಟೋಪಿ ತೊಡಿಸುವ ದಿನ ಹೋಯಿತು. ಅಳತೆ ತೆಗೆದು ಮಾಡಿಸಿದ ಟೋಪಿ. ಪಕ್ಕದ ಹಲ್ಲಿನದೇ ಬಣ್ಣ. ಅಪ್ಪ ಅಮ್ಮನನ್ನು ಅಂಗಡಿಯ ಬಾಗಿಲಿನ ಬೆಳಕಿಗೆ ನಿಲ್ಲಿಸಿ ನೋಡಿದರು.

"ಫಿಟ್ಟಿಂಗ್ ಚೆನ್ನಾಗಿದೆ," ಎಂದರು.

"ಆರು ತಿಂಗಳು ಬಿಟ್ಟು ತೋರಿಸಬೇಕಂತೆ."

"ಆರು ತಿಂಗಳು ಅಂದ್ರೆ..." ಎಂದವರು ತಮ್ಮಷ್ಟಕ್ಕೆ ನಿಲ್ಲಿಸಿದರು. "ಆಯ್ತು. ಆರೇ ತಿಂಗಳು."

ಅಪ್ಪನೇನೂ ಪೂರ್ತಿ ಬದಲಾಗಲಿಲ್ಲ. ಆ ಮಧ್ಯಾಹ್ನವೇ ಕಂದು ಚಪ್ಪಲಿಯ ಮೇಷ್ಟರು ಪ್ಯಾಂಟಿನ ಬಟ್ಟೆ ತಂದರು. ಅಪ್ಪ ಟೇಪನ್ನು ಕುತ್ತಿಗೆಗೆ ಹಾಕಿಕೊಂಡು, "ಗುರುವಾರ ಬನ್ನಿ," ಎಂದರು.

"ನಿಮ್ಮ ಗುರುವಾರನೋ, ಡಾಕ್ಟರ ಗುರುವಾರನೋ?" ಎಂದಳು ಅಮ್ಮ ಕಿಟಕಿಯ ಹತ್ತಿರದಿಂದ.

ಮೇಷ್ಟರಿಗೆ ಅರ್ಥವಾಗಲಿಲ್ಲ. ಅಪ್ಪ ತಲೆ ಕೆರೆದುಕೊಂಡರು. "ಮಂಗಳವಾರವೇ ಬನ್ನಿ ಮೇಷ್ಟ್ರೇ," ಎಂದರು. ಅಮ್ಮ ನಕ್ಕಳು. ಮೇಷ್ಟರೂ ನಕ್ಕರು, ಯಾಕೆಂದು ಕೇಳದೆಯೇ.

ಅವರು ಹೋದ ಮೇಲೆ ಅಮ್ಮ ಅಂಗಿಯೊಂದರ ಅಂಚು ಮುಗಿಸಿದಳು. ಗಂಟು ಹಾಕಿದಳು. ಬಟ್ಟೆ ಮುಖದ ಹತ್ತಿರ ಹೋಯಿತು, ಬಾಯಿ ತೆರೆಯಿತು. ಅಪ್ಪನ ಮಿಷನ್ ನಿಂತಿತು. ಮಂಚದ ಮೇಲೆ ಅಜ್ಜಿ ಉಸಿರು ಹಿಡಿದಳು. ನನ್ನ ಸೂಜಿ ಕಾಜಾದೊಳಗೇ ಉಳಿಯಿತು.

ಅಮ್ಮ ಕಣ್ಣೆತ್ತಿ ನಮ್ಮ ಮೂವರನ್ನೂ ನೋಡಿದಳು. ಬಟ್ಟೆಯನ್ನು ಮಡಿಲಿಗೆ ಇಳಿಸಿ, ಕುತ್ತಿಗೆಯ ಕತ್ತರಿ ಎತ್ತಿ, ಕಟ್ ಎಂದು ಕತ್ತರಿಸಿದಳು.

ಮಿಷನ್ ಮತ್ತೆ ಓಡತೊಡಗಿತು.